ಅನಾಫಿ ದ್ವೀಪಕ್ಕೆ ಹೋಗಿ ಬರುವುದು ಹೇಗೆ: ಕಡಲತೀರ, ಕಾಲುದಾರಿ ಮತ್ತು ಹಡಗಿನ ಲೆಕ್ಕ

ಗ್ರೀಸ್ ಪ್ರವಾಸದ ಮಾತು ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಒಂದೇ. "ಸ್ಯಾಂಟೊರಿನಿಯಲ್ಲಿ ಕಾಲಿಡಲೂ ಜಾಗವಿಲ್ಲವಂತೆ. ನಾಲ್ಕು ದಿನ ಸಮುದ್ರದಲ್ಲಿ ಈಜಿ, ಒಂದೆರಡು ಬೆಟ್ಟ ಹತ್ತಿ, ನೆಮ್ಮದಿಯಾಗಿ ಇದ್ದು ಬರುವಂತಹ ದ್ವೀಪ ಯಾವುದಾದರೂ ಇದೆಯೇ?" ಇದೆ. ಅದೂ ಸ್ಯಾಂಟೊರಿನಿಯ ಪಕ್ಕದಲ್ಲಿಯೇ, ಅಲ್ಲಿಂದ ಪೂರ್ವಕ್ಕೆ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಹೆಸರು ಅನಾಫಿ. ವಿಸ್ತೀರ್ಣ 40 ಚದರ ಕಿಲೋಮೀಟರಿಗೂ ತುಸು ಕಡಿಮೆ. ವರ್ಷವಿಡೀ ಅಲ್ಲೇ ಇರುವ ಜನ ಮುನ್ನೂರರ ಆಸುಪಾಸು. ಊರು ಒಂದೇ, ಬಂದರೂ ಒಂದೇ. ವಿಮಾನ ನಿಲ್ದಾಣವಿಲ್ಲ. ಅದಿಲ್ಲದ್ದರಿಂದಲೇ ದ್ವೀಪ ಇಷ್ಟು ಶಾಂತವಾಗಿ ಉಳಿದಿದೆ.

ಹೊರಡುವ ಮೊದಲು ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ರಾತ್ರಿ ಸಂಗೀತ, ಅಂಗಡಿ ಬೀದಿ, ಈಜುಕೊಳವಿರುವ ದೊಡ್ಡ ಹೋಟೆಲು ನಿಮಗೆ ಬೇಕಿದ್ದರೆ ಅನಾಫಿ ಬೇಡ. ಮಂಡಿನೋವಿರುವ ಹಿರಿಯರನ್ನು ಕರೆದುಕೊಂಡು ಹೋಗುವುದಾದರೂ ಎರಡು ಸಲ ಯೋಚಿಸಿ, ಏಕೆಂದರೆ ಊರಿನ ಒಳಗೆ ಓಡಾಟವೆಲ್ಲ ಮೆಟ್ಟಿಲುಗಳ ಮೇಲೆ. ನಡೆಯುವ ಕಾಲು ಮತ್ತು ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ ಈ ದ್ವೀಪ ತೆರೆದುಕೊಳ್ಳುತ್ತದೆ.

1. ತಿಂಗಳನ್ನು ಆರಿಸಿಕೊಳ್ಳಿ

ಉತ್ತಮ ಕಾಲ ಎರಡು: ಮೇ ನಡುವಿನಿಂದ ಜೂನ್ ಕೊನೆಯವರೆಗೆ, ಮತ್ತೆ ಸೆಪ್ಟೆಂಬರ್ ಮೊದಲಿನಿಂದ ಅಕ್ಟೋಬರ್ ಮೊದಲ ವಾರದವರೆಗೆ. ಮಕ್ಕಳ ರಜೆಗೆ ಹೊಂದಿಸಿಕೊಳ್ಳುವವರು ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರಗಳ ಬಗ್ಗೆ ಕೇಳುತ್ತಾರೆ. ಆಗ ಬೆಟ್ಟಗಳು ಹೂಬಿಟ್ಟು ಹಸಿರಾಗಿರುತ್ತವೆ, ನಡೆಯಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಕಾರವಾರ, ಮಲ್ಪೆಯ ಬೆಚ್ಚನೆಯ ನೀರಿಗೆ ಒಗ್ಗಿದ ಮೈಗೆ ಅಲ್ಲಿನ ಸಮುದ್ರ ಆಗ ಕೊರೆಯುವಷ್ಟು ತಣ್ಣಗಿರುತ್ತದೆ. ದಸರಾ ರಜೆ ಸೆಪ್ಟೆಂಬರ್ ಕೊನೆಗೆ ಬಿದ್ದ ವರ್ಷವಾದರೆ ಕಣ್ಣು ಮುಚ್ಚಿ ಹೊರಡಿ. ಬೇಸಿಗೆಯಿಡೀ ಕಾದ ನೀರು ಇನ್ನೂ ಬೆಚ್ಚಗಿರುತ್ತದೆ, ಜನ ಕರಗಿರುತ್ತಾರೆ.

ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಎರಡು ತೊಂದರೆಗಳಿವೆ. ಒಂದು, ಆಗಸ್ಟ್ 15ರ ಮೇರಿ ಮಾತೆಯ ಹಬ್ಬದ ಹಿಂದುಮುಂದಿನ ದಿನಗಳಲ್ಲಿ ಗ್ರೀಸಿನ ಅರ್ಧ ಜನ ದ್ವೀಪಗಳಿಗೇ ಹೊರಡುತ್ತಾರೆ. ಕೊಠಡಿಯೂ ಸಿಗದು, ಹಡಗಿನ ಟಿಕೆಟೂ ಸಿಗದು. ಇನ್ನೊಂದು ಮೆಲ್ತೆಮಿ. ಇದು ಬೇಸಿಗೆಯಲ್ಲಿ ಉತ್ತರದಿಂದ ದಿನಗಟ್ಟಲೆ ಬೀಸುವ ಒಣಗಾಳಿ. ಆಕಾಶ ನಿರ್ಮಲವಾಗಿರುತ್ತದೆ, ಬಿಸಿಲು ಹೊಳೆಯುತ್ತಿರುತ್ತದೆ, ಆದರೂ ಹಡಗು ಹೊರಡುವುದಿಲ್ಲ. ಮೋಡವಿಲ್ಲದ ಮೇಲೆ ಏನು ತೊಂದರೆ ಎಂದು ನಮ್ಮ ಮುಂಗಾರಿನ ಲೆಕ್ಕದಲ್ಲಿ ಯೋಚಿಸಿ ಮೋಸಹೋಗಬೇಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚಿನ ಕೊಠಡಿಗಳೂ ತವೆರ್ನಾಗಳೂ ಮುಚ್ಚಿರುತ್ತವೆ. ತವೆರ್ನಾ ಎಂದರೆ ಮನೆಯವರೇ ನಡೆಸುವ ಸಣ್ಣ ಊಟದ ಹೋಟೆಲು.

2. ಎಲ್ಲಕ್ಕಿಂತ ಮೊದಲು ಹಡಗಿನ ದಿನ ನೋಡಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಅಗ್ಗದ ವಿಮಾನ ಟಿಕೆಟು ಸಿಕ್ಕಿತೆಂದು ಮೊದಲು ಅದನ್ನು ಕೊಂಡು, ಆಮೇಲೆ ಕೊಠಡಿ ಕಾದಿರಿಸಿ, ಕೊನೆಗೆ ಹಡಗು ಹುಡುಕುತ್ತಾರೆ. ಅನಾಫಿಯ ವಿಷಯದಲ್ಲಿ ಇದನ್ನು ತಿರುಗಿಸಿ ಮಾಡಬೇಕು. ದೊಡ್ಡ ದ್ವೀಪಗಳಿಗೆ ಇರುವಂತೆ ಇಲ್ಲಿಗೆ ದಿನಕ್ಕೆ ನಾಲ್ಕಾರು ಹಡಗುಗಳಿಲ್ಲ. ವಾರದಲ್ಲಿ ಕೆಲವೇ ದಿನ ಬರುತ್ತವೆ, ಆ ದಿನಗಳೂ ಋತುವಿಗೊಮ್ಮೆ ಬದಲಾಗುತ್ತವೆ.

ಬರುವುದಕ್ಕೆ ದಾರಿ ಎರಡು. ಮೊದಲನೆಯದು, ಅಥೆನ್ಸಿನ ಬಂದರಾದ ಪಿರೇಯಸ್‌ನಿಂದ ನೇರವಾಗಿ ಕಾರು, ಲಾರಿಗಳನ್ನೂ ಹೊರುವ ದೊಡ್ಡ ಹಡಗಿನಲ್ಲಿ. ನಡುವೆ ಹಲವು ದ್ವೀಪಗಳಲ್ಲಿ ನಿಂತು ಬರುವುದರಿಂದ ಇಡೀ ಹಗಲೋ ಇಡೀ ರಾತ್ರಿಯೋ ಬೇಕು. ಎರಡನೆಯದು, ಸ್ಯಾಂಟೊರಿನಿಯವರೆಗೆ ವಿಮಾನದಲ್ಲೋ ವೇಗದ ಹಡಗಿನಲ್ಲೋ ಬಂದು, ಅಲ್ಲಿಂದ ಅನಾಫಿಯ ಹಡಗು ಹಿಡಿಯುವುದು. ನನ್ನ ಒಲವು ಮೊದಲನೆಯದಕ್ಕೆ. ದೊಡ್ಡ ಹಡಗು ಗಾಳಿಯನ್ನು ಹೆಚ್ಚು ತಡೆಯುತ್ತದೆ, ಮೇಲ್ಗಟ್ಟೆಯಲ್ಲಿ ಕುಳಿತು ಸಿಕ್ಲಾಡಿಸ್ ದ್ವೀಪಸಮೂಹ ಒಂದೊಂದಾಗಿ ಸರಿಯುವುದನ್ನು ನೋಡಬಹುದು, ಖರ್ಚೂ ಕಡಿಮೆ. ರಾತ್ರಿ ಪ್ರಯಾಣವಾದರೆ ಸ್ವಲ್ಪ ಹೆಚ್ಚು ಕೊಟ್ಟು ಮಲಗುವ ಕ್ಯಾಬಿನ್ ತೆಗೆದುಕೊಳ್ಳಿ.

ಗಾಳಿಯನ್ನು ಅಳೆಯುವುದು ಬೋಫರ್ಟ್ ಎಂಬ ಮಾನದಲ್ಲಿ, 0ಯಿಂದ 12ರವರೆಗೆ. ಗಾಳಿ 8 ಬೋಫರ್ಟ್ ಮುಟ್ಟಿದರೆ ಸಾಮಾನ್ಯವಾಗಿ ಹಡಗುಗಳಿಗೆ ತಡೆ ಬೀಳುತ್ತದೆ. ವೇಗದ ಸಣ್ಣ ಹಡಗುಗಳು ಅದಕ್ಕೂ ಮುಂಚೆಯೇ ನಿಲ್ಲುತ್ತವೆ. ಈ ತಡೆಗೆ ಅಲ್ಲಿ 'ಅಪಾಗೊರೆಫ್ತಿಕೊ' ಎನ್ನುತ್ತಾರೆ. ಟಿಕೆಟು ಮಾರಿದವರ ಬಾಯಲ್ಲಿ ಈ ಮಾತು ಕೇಳಿದರೆ ವಾದ ಮಾಡಿ ಪ್ರಯೋಜನವಿಲ್ಲ. ತೀರ್ಮಾನ ಬಂದರು ಪೊಲೀಸರದು, ಹಡಗಿನವರದಲ್ಲ. ಟಿಕೆಟಿನ ಹಣ ಹಿಂದಿರುಗುತ್ತದೆ ಅಥವಾ ಮುಂದಿನ ಹಡಗಿಗೆ ಬದಲಾಗುತ್ತದೆ. ತಪ್ಪಿಹೋದ ವಿಮಾನದ ಹಣ ಮಾತ್ರ ಯಾರೂ ಕೊಡುವುದಿಲ್ಲ.

ಆದ್ದರಿಂದ ಇದನ್ನು ಬರೆದಿಟ್ಟುಕೊಳ್ಳಿ: ಅನಾಫಿಯಿಂದ ಹೊರಡುವ ಹಡಗಿಗೂ ಅಥೆನ್ಸಿನಿಂದ ಹೊರಡುವ ವಿಮಾನಕ್ಕೂ ನಡುವೆ ಕನಿಷ್ಠ ಒಂದು ಪೂರ್ತಿ ದಿನ ಇರಲಿ. ಆಗಸ್ಟಿನಲ್ಲಾದರೆ ಎರಡು ದಿನ. ಆ ದಿನ ವ್ಯರ್ಥವಾಗುವುದಿಲ್ಲ. ಅದನ್ನು ಎಲ್ಲಿ ಕಳೆಯಬೇಕೆಂದು ಕೊನೆಯಲ್ಲಿ ಹೇಳುತ್ತೇನೆ.

ಕಳೆದ ವರ್ಷದ ವೇಳಾಪಟ್ಟಿ ನೋಡಿ ಲೆಕ್ಕ ಹಾಕಬೇಡಿ. ನಿಮ್ಮ ತಿಂಗಳಿನ ಪಟ್ಟಿ ಇನ್ನೂ ಬಂದಿರದಿದ್ದರೆ ವಿಮಾನ ಟಿಕೆಟನ್ನು ದಿನಾಂಕ ಬದಲಿಸಬಹುದಾದ ದರದಲ್ಲಿ ಮಾತ್ರ ಕೊಳ್ಳಿ. ಹಡಗಿನ ಟಿಕೆಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು; ಇನಿಷಿಯಲ್ ಮತ್ತು ಪೂರ್ಣ ಹೆಸರಿನ ಗೊಂದಲ ನಮ್ಮವರಲ್ಲಿ ಹೆಚ್ಚು, ಅದನ್ನು ಬುಕಿಂಗ್ ಮಾಡುವಾಗಲೇ ಬಗೆಹರಿಸಿಕೊಳ್ಳಿ.

3. ವೀಸಾ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬೇಕಾದದ್ದು ಷೆಂಗನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಅನ್ವಯಿಸುವ ಕಿರು ಅವಧಿಯ ಪರವಾನಗಿ. ಯಾವುದೇ 180 ದಿನಗಳಲ್ಲಿ 90 ದಿನಗಳವರೆಗೆ ಇರಬಹುದು. ಹೆಚ್ಚು ದಿನ ಕಳೆಯುವುದು ಗ್ರೀಸಿನಲ್ಲಾದರೆ ಅರ್ಜಿ ಗ್ರೀಸಿಗೇ ಸಲ್ಲಬೇಕು. ವಿಮಾನ ಬೇರೆ ಷೆಂಗನ್ ದೇಶದಲ್ಲಿ ಇಳಿದು ಹೋಗುತ್ತದೆ ಎಂಬ ಕಾರಣಕ್ಕೆ ಆ ದೇಶಕ್ಕೆ ಅರ್ಜಿ ಹಾಕಬೇಡಿ. ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿಯೇ ಬೆರಳಚ್ಚು ಮತ್ತು ಕಾಗದಪತ್ರ ಕೊಡಬಹುದು.

ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದ ಹದಿನೈದು ದಿನ ಉಳಿದಿರುವವರೆಗೆ ಅರ್ಜಿ ಹಾಕಲು ಅವಕಾಶವಿದೆ. ನಿಯಮದ ಪ್ರಕಾರ ತೀರ್ಮಾನಕ್ಕೆ 15 ದಿನ, ಕೆಲವೊಮ್ಮೆ 45 ದಿನಗಳವರೆಗೂ ಹೋಗಬಹುದು. ಬೇಸಿಗೆಗೆ ಹೊರಡುವವರಿಗೆ ಅರ್ಜಿಯ ದಿನಾಂಕ ಸಿಗುವುದೇ ಕಷ್ಟ. ಮೂರು ತಿಂಗಳು ಮೊದಲೇ ಶುರು ಮಾಡಿ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45 ಯೂರೊ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾಶುಲ್ಕ ಬೇರೆ. ಪ್ರವಾಸ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಾಗಿರಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಹಿಂದಿರುಗುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟಗಳಿರಬೇಕು.

ಬ್ಯಾಂಕ್ ವಿವರ, ರಜೆಯ ಪತ್ರ, ಆದಾಯ ತೆರಿಗೆ ದಾಖಲೆ ಇವೆಲ್ಲ ಬೇರೆ ದೇಶದ ಅರ್ಜಿಗಳಂತೆಯೇ. ಅನಾಫಿಗೆ ಹೋಗುವವರು ಗಮನಿಸಬೇಕಾದದ್ದು ಒಂದಿದೆ: ಎಲ್ಲ ರಾತ್ರಿಗಳಿಗೂ ತಂಗುವ ಸ್ಥಳದ ದಾಖಲೆ ಇರಬೇಕು, ಹಡಗಿನಲ್ಲಿ ಕಳೆಯುವ ರಾತ್ರಿಗೂ ಸೇರಿ. ಪ್ರಯಾಣದ ವಿವರ ಬರೆಯುವಾಗ "ಈ ರಾತ್ರಿ ಹಡಗಿನಲ್ಲಿ" ಎಂದು ಸ್ಪಷ್ಟವಾಗಿ ನಮೂದಿಸಿ. ಲೆಕ್ಕಕ್ಕೆ ಸಿಗದ ಒಂದು ರಾತ್ರಿ ಅನುಮಾನಕ್ಕೆ ಎಡೆಮಾಡುತ್ತದೆ.

ಗಡಿಯಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದಿದೆ. ಸಾಲು ಉದ್ದವಾಗಬಹುದು, ಇಳಿದ ಎರಡೇ ಗಂಟೆಗೆ ಹಡಗು ಇಟ್ಟುಕೊಳ್ಳಬೇಡಿ.

4. ಬೆಂಗಳೂರಿನಿಂದ ಹೋರಾದವರೆಗೆ

ಕೊಲ್ಲಿಯ ನಗರಗಳ ಮೂಲಕವೋ ಇಸ್ತಾಂಬುಲ್ ಮೂಲಕವೋ ಅಥೆನ್ಸ್ ತಲುಪಿ. ವಿಮಾನ ನಿಲ್ದಾಣದಿಂದ ಪಿರೇಯಸ್ ಬಂದರಿಗೆ ಮೆಟ್ರೊದ ಮೂರನೇ ಮಾರ್ಗ ನೇರವಾಗಿ ಹೋಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಈ ಸಂಪರ್ಕ ಪೂರ್ಣಗೊಂಡ ಮೇಲೆ ನಡುವೆ ರೈಲು ಬದಲಿಸುವ ಗೋಜಿಲ್ಲ. ಸುಮಾರು ಒಂದು ಗಂಟೆ. ವಿಮಾನ ನಿಲ್ದಾಣದ ಟಿಕೆಟು ಊರೊಳಗಿನ ಟಿಕೆಟಿಗಿಂತ ಬೇರೆ ಮತ್ತು ದುಬಾರಿ. ಸಾಮಾನ್ಯ ಟಿಕೆಟಿನಲ್ಲಿ ಹತ್ತಿದರೆ ದಂಡ ಬೀಳುತ್ತದೆ. ನಡುರಾತ್ರಿ ಇಳಿದವರಿಗೆ ಎಕ್ಸ್ 96 ಬಸ್ಸು ಇಪ್ಪತ್ತನಾಲ್ಕು ಗಂಟೆಯೂ ಇದೆ. ಜನಸಂದಣಿಯ ಮೆಟ್ರೊದಲ್ಲಿ ಜೇಬು ಕತ್ತರಿಸುವವರಿದ್ದಾರೆ; ಪಾಸ್‌ಪೋರ್ಟನ್ನು ಒಳಜೇಬಿನಲ್ಲಿಡಿ.

ಪಿರೇಯಸ್ ಸಣ್ಣ ಬಂದರಲ್ಲ. ಇ-1ರಿಂದ ಇ-12ರವರೆಗೆ ದ್ವಾರಗಳಿವೆ, ಒಂದು ತುದಿಯಿಂದ ಇನ್ನೊಂದಕ್ಕೆ ಚೀಲ ಎಳೆದುಕೊಂಡು ಹೋಗುವುದೆಂದರೆ ಬೆವರಿಳಿಯುತ್ತದೆ. ಟಿಕೆಟಿನಲ್ಲಿ ದ್ವಾರದ ಸಂಖ್ಯೆ ನೋಡಿಕೊಂಡು ಒಂದು ಗಂಟೆ ಮೊದಲೇ ಅಲ್ಲಿರಿ. ಸ್ಯಾಂಟೊರಿನಿಯ ಮೂಲಕ ಹೋಗುವವರು ಟ್ಯಾಕ್ಸಿಯವರಿಗೆ "ಅಥಿನಿಯೊಸ್" ಎಂದು ಹೇಳಬೇಕು. ಹಡಗುಗಳು ನಿಲ್ಲುವುದು ಆ ಬಂದರಿನಲ್ಲಿ. ಊರಿನ ಕೆಳಗಿರುವ ಹಳೆಯ ಬಂದರಿಗೆ ಹೋದರೆ ವಿಹಾರ ನೌಕೆಗಳ ದೋಣಿಗಳು ಮಾತ್ರ ಸಿಗುತ್ತವೆ.

ಹಡಗಿನಲ್ಲಿ ಮಲಗಿರುವವರು ಎಚ್ಚರದ ಗಂಟೆ ಇಟ್ಟುಕೊಳ್ಳಿ. ಅನಾಫಿಯ ಆಗಿಯೊಸ್ ನಿಕೊಲಾಸ್ ಬಂದರಿನಲ್ಲಿ ಹಡಗು ಕೆಲವೇ ನಿಮಿಷ ನಿಲ್ಲುತ್ತದೆ. ಹೆಸರು ಕೂಗಿದ ಕೂಡಲೇ ಕೆಳಗಿನ ವಾಹನದ ಅಂತಸ್ತಿಗೆ ಇಳಿದು, ಚೀಲ ಹೊತ್ತು, ಬಾಗಿಲು ತೆರೆಯುವುದಕ್ಕೆ ಕಾಯುತ್ತ ನಿಂತಿರಬೇಕು. ಊರಿನ ಹೆಸರು ಹೋರಾ, ಹಲವು ಗ್ರೀಕ್ ದ್ವೀಪಗಳಲ್ಲಿ ಮುಖ್ಯ ಊರಿಗೆ ಇದೇ ಹೆಸರು. ಅದು ಬಂದರಿನ ಮೇಲೆ, ಗುಡ್ಡದ ನೆತ್ತಿಯಲ್ಲಿದೆ. ಹಡಗು ಹೊತ್ತಲ್ಲದ ಹೊತ್ತಿನಲ್ಲಿ ಬರುವುದುಂಟು. ಕೊಠಡಿಯವರಿಗೆ ಮೊದಲೇ ಹಡಗಿನ ಸಮಯ ತಿಳಿಸಿ, ಬಂದರಿಗೆ ಬಂದು ಕರೆದೊಯ್ಯುವಿರಾ ಎಂದು ಕೇಳಿ. ಅನೇಕರು ಬರುತ್ತಾರೆ.

5. ತಂಗುವುದು, ಓಡಾಡುವುದು, ಹಣ

ಹೋರಾದಲ್ಲಿ ಇರಬೇಕೇ, ಕ್ಲಿಸೀದಿ ತೀರದಲ್ಲಿ ಇರಬೇಕೇ? ನಾಲ್ಕು ದಿನಕ್ಕಾದರೆ ಹೋರಾ. ಬಸ್ಸು, ಅಂಗಡಿ, ಊಟ ಎಲ್ಲವೂ ಅಲ್ಲಿವೆ. ಗಾಳಿ ಇರುವ ಸಂಜೆಗಳಲ್ಲಿ ಮಾತನಾಡಲು ಜನರೂ ಇರುತ್ತಾರೆ. ಚಿಕ್ಕ ಮಕ್ಕಳಿದ್ದರೆ ಕ್ಲಿಸೀದಿ, ಬಾಗಿಲ ಮುಂದೆಯೇ ಮರಳು.

ಬೇಸಿಗೆಯಲ್ಲಿ ಬಂದರು, ಹೋರಾ, ಮುಖ್ಯ ತೀರಗಳು ಮತ್ತು ಪೂರ್ವದ ಮಠದ ನಡುವೆ ಬಸ್ಸು ಓಡುತ್ತದೆ. ಋತುವಿನ ಆರಂಭ ಮತ್ತು ಕೊನೆಯಲ್ಲಿ ಅದು ವಿರಳ. ಸ್ಕೂಟರ್ ಅಥವಾ ಕಾರು ಬಾಡಿಗೆಗೆ ಬೇಕಾದರೆ ನಮ್ಮ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಅದನ್ನು ಊರಿನಲ್ಲಿರುವಾಗಲೇ ಆರ್‌ಟಿಒ ಕಚೇರಿಯಿಂದ ಮಾಡಿಸಿಕೊಳ್ಳಿ. ಕಾರಿನ ಪರವಾನಗಿ ಮಾತ್ರ ಇದ್ದವರು ಸ್ಕೂಟರ್ ತೆಗೆದುಕೊಂಡು ಬಿದ್ದರೆ ವಿಮೆಯವರು ಹಣ ಕೊಡುವುದಿಲ್ಲ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು ಎಂಬುದೂ ನೆನಪಿರಲಿ.

ಕಾರ್ಡ್ ನಡೆಯುತ್ತದೆ. ಆದರೂ ಎರಡು ಮೂರು ದಿನಕ್ಕೆ ಸಾಕಾಗುವಷ್ಟು ನಗದು ಯೂರೊಗಳನ್ನು ಸಣ್ಣ ನೋಟುಗಳಲ್ಲಿ ಅಥೆನ್ಸಿನಿಂದಲೇ ಒಯ್ಯಿರಿ. ಸಣ್ಣ ದ್ವೀಪದಲ್ಲಿ ಎಟಿಎಂ ಕೈಕೊಟ್ಟರೆ ಪಕ್ಕದ ಬೀದಿಯಲ್ಲಿ ಇನ್ನೊಂದಿಲ್ಲ. ಕೊಠಡಿಯ ಬಾಡಿಗೆಯ ಮೇಲೆ ದಿನಕ್ಕಿಷ್ಟು ಎಂಬ ಸರ್ಕಾರಿ ತೆರಿಗೆಯನ್ನು ಅಲ್ಲಿಯೇ ಪ್ರತ್ಯೇಕವಾಗಿ ಕೇಳುತ್ತಾರೆ. ಅದು ಮೋಸವಲ್ಲ, ಕಾನೂನು. ಶೌಚಾಲಯದಲ್ಲಿ ಕಾಗದವನ್ನು ಪಕ್ಕದ ಡಬ್ಬಿಗೆ ಹಾಕಬೇಕು. ಕೊಳವೆಗಳು ಕಿರಿದು, ಕಟ್ಟಿಕೊಳ್ಳುತ್ತವೆ. ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಊರು ಮಲಗಿರುತ್ತದೆ, ಆಗ ಓಣಿಗಳಲ್ಲಿ ಜೋರಾಗಿ ಮಾತನಾಡಬಾರದು.

6. ಕಡಲತೀರಗಳು

ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ತೀರಕ್ಕೆ, ಅಲ್ಲಿಂದ ಹಾಫ್ ಮೂನ್ ತೀರಕ್ಕೆ ಗುಡ್ಡದ ಅಂಚಿನಲ್ಲಿ ನಡೆದವರಿಗೆ ಅನಾಫಿಯ ದಕ್ಷಿಣ ತೀರ ಕೂಡಲೇ ಅರ್ಥವಾಗುತ್ತದೆ. ಒಂದು ಕೊಲ್ಲಿ, ಒಂದು ದಿಬ್ಬ, ಮತ್ತೊಂದು ಕೊಲ್ಲಿ. ಬಂದರಿಗೆ ಹತ್ತಿರವಿರುವುದು ಕ್ಲಿಸೀದಿ. ಹೋರಾದಿಂದ ಕಾಲುದಾರಿಯಲ್ಲಿ ಅರ್ಧ ಗಂಟೆಯ ಇಳಿಜಾರು. ಅಲ್ಲಿಂದ ಪೂರ್ವಕ್ಕೆ ಹೊರಟರೆ ಕಾತ್ಸೂನಿ, ಫ್ಲಾಮುರೂ, ಆಮೇಲೆ ಎಲ್ಲಕ್ಕಿಂತ ಉದ್ದದ ರೂಕುನಾಸ್. ಕ್ಲಿಸೀದಿಯಿಂದ ರೂಕುನಾಸ್‌ಗೆ ನಿಧಾನವಾಗಿ ನಡೆದರೂ ಒಂದೂವರೆ ಗಂಟೆ ಸಾಕು. ರೂಕುನಾಸ್‌ನ ಹಿಂದೆ ಅಲ್ಮಿರಿಕಿ ಮರಗಳ ಸಾಲು ಇದೆ; ಉಪ್ಪುಗಾಳಿಯಲ್ಲೂ ಬೆಳೆಯುವ ಸೂಜಿಯೆಲೆಯ ಮರ ಅದು, ಈ ದಾರಿಯಲ್ಲಿ ನೆರಳು ಸಿಗುವುದೇ ಅಪರೂಪ. ಇನ್ನೂ ಮುಂದೆ ಆಗಿಯಿ ಅನಾರ್ಗಿರಿ ಎಂಬ ಸಣ್ಣ ಚರ್ಚಿನ ಕೆಳಗಿನ ತೀರ, ಮೆಗಾಸ್ ಪೊತಾಮೊಸ್, ಕೊನೆಗೆ ಮಠದ ಕೆಳಗಿನ ಮೊನಾಸ್ತಿರಿ.

ಇವು ದಕ್ಷಿಣಕ್ಕೆ ಮುಖ ಮಾಡಿರುವುದೇ ದೊಡ್ಡ ಭಾಗ್ಯ. ಉತ್ತರದ ಮೆಲ್ತೆಮಿಯನ್ನು ಬೆಟ್ಟಗಳು ತಡೆಯುವುದರಿಂದ, ಗಾಳಿಗೆ ಹಡಗುಗಳ ಓಡಾಟ ನಿಂತ ದಿನವೂ ಇಲ್ಲಿ ನೀರು ಎಷ್ಟೋ ಸಲ ಕೆರೆಯಂತಿರುತ್ತದೆ. ಆದರೆ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತಿರುತ್ತದೆ ಎಂಬುದನ್ನು ಮರೆಯಬೇಡಿ. ಗಾಳಿ ತುಂಬಿದ ಹಾಸಿಗೆ, ಟ್ಯೂಬುಗಳ ಮೇಲೆ ಮಕ್ಕಳನ್ನು ಬಿಟ್ಟರೆ ನೋಡನೋಡುತ್ತಿದ್ದಂತೆ ಒಳಕ್ಕೆ ತೇಲಿಹೋಗುತ್ತಾರೆ. ಜೀವರಕ್ಷಕರು ಇರುವುದಿಲ್ಲ. ಈಜು ಚೆನ್ನಾಗಿ ಬಾರದವರು ಎದೆಮಟ್ಟದ ನೀರಿನಲ್ಲೇ ಇರಿ, ಒಬ್ಬರೇ ಇಳಿಯಬೇಡಿ.

ಬಂಡೆಗಳಿರುವಲ್ಲಿ ಕಪ್ಪು ಮುಳ್ಳಿನ ಚೆಂಡಿನಂತಹ ಕಡಲಜೀವಿಗಳು ಅಂಟಿಕೊಂಡಿರುತ್ತವೆ. ತುಳಿದರೆ ಮುಳ್ಳು ಮುರಿದು ಒಳಗೇ ಉಳಿಯುತ್ತದೆ. ರಬ್ಬರಿನ ನೀರುಚಪ್ಪಲಿ ಹಾಕಿಕೊಳ್ಳಿ. ದೂರದ ತೀರಗಳಲ್ಲಿ ಬಟ್ಟೆಯಿಲ್ಲದೆ ಸ್ನಾನ ಮಾಡುವವರು ಇರುವುದು ಇಲ್ಲಿ ಹಳೆಯ ರೂಢಿ. ಮುಜುಗರವೆನಿಸಿದರೆ ಮುಂದಿನ ಕೊಲ್ಲಿಗೆ ನಡೆಯಿರಿ. ಯಾರದೇ ಚಿತ್ರ ಬರುವಂತೆ ಮೊಬೈಲ್ ಎತ್ತಬೇಡಿ. ರೂಕುನಾಸ್‌ನಲ್ಲಿ ಡೇರೆಗಳನ್ನು ನೋಡಿ ನೀವೂ ಹಾಕಬೇಡಿ. ಗ್ರೀಸಿನಲ್ಲಿ ಹಾಗೆ ಬಯಲಲ್ಲಿ ಡೇರೆ ಹಾಕುವುದು ಕಾನೂನುಬಾಹಿರ, ವೀಸಾದ ಮೇಲೆ ಬಂದವರಿಗೆ ಆ ಸಾಹಸ ಬೇಡ.

7. ಕಾಲಾಮೊಸ್ ಬೆಟ್ಟ

ಅನಾಫಿಗೆ ಬಂದು ಇದನ್ನು ಹತ್ತದೆ ಹೋದರೆ ಅರ್ಧ ದ್ವೀಪವನ್ನೇ ನೋಡಿದಂತೆ. ದ್ವೀಪದ ಪೂರ್ವ ತುದಿಯಲ್ಲಿ, ಕಿರಿದಾದ ನೆಲದ ಪಟ್ಟಿಯಾಚೆ, ಸಮುದ್ರದಿಂದ ನೇರವಾಗಿ 450 ಮೀಟರಿಗೂ ಮೇಲೆ ಎದ್ದು ನಿಂತ ಸುಣ್ಣಕಲ್ಲಿನ ಹೆಬ್ಬಂಡೆ ಇದು. ಜಿಬ್ರಾಲ್ಟರ್ ಬಂಡೆಯನ್ನು ಬಿಟ್ಟರೆ ಮೆಡಿಟರೇನಿಯನ್ನಿನಲ್ಲಿ ಇಷ್ಟು ದೊಡ್ಡ ಏಕಶಿಲೆ ಇಲ್ಲ ಎಂದು ದ್ವೀಪದವರು ಹೇಳುತ್ತಾರೆ. ಸಾವನದುರ್ಗವನ್ನು ಕಡಲ ಮಧ್ಯೆ ನಿಲ್ಲಿಸಿದಂತೆ ಊಹಿಸಿಕೊಳ್ಳಿ.

ಅದರ ಬುಡದಲ್ಲಿ ಝೊಒದೊಹೊಸ್ ಪಿಗಿ ಮಠವಿದೆ. ಹೆಸರಿನ ಅರ್ಥ ಜೀವದಾಯಿ ಚಿಲುಮೆ. ಮಠದ ಗೋಡೆಗಳನ್ನು ಗಮನವಿಟ್ಟು ನೋಡಿ. ದೊಡ್ಡದಾಗಿ ಕಡಿದ ಹಳೆಯ ಕಲ್ಲುಗಳು ಅಪೊಲೊ ದೇವರ ಗುಡಿಯವು. ಮಠ ನಿಂತಿರುವುದು ಅದೇ ಜಾಗದಲ್ಲಿ. ಗ್ರೀಕ್ ಪುರಾಣದ ಆರ್ಗೊ ಹಡಗಿನ ವೀರರು ಗಾಢ ಕತ್ತಲೆಯ ಕಡಲಿನಲ್ಲಿ ದಾರಿ ತಪ್ಪಿದಾಗ ಅಪೊಲೊ ಬೆಳಕು ಚಿಮ್ಮಿಸಿ ಈ ದ್ವೀಪವನ್ನು ತೋರಿಸಿದನಂತೆ. ಅನಾಫಿ ಎಂಬ ಹೆಸರು 'ಕಾಣಿಸಿಕೊಂಡದ್ದು' ಎಂಬ ಅರ್ಥದಿಂದ ಬಂದದ್ದು ಎಂದು ಆ ಕಥೆ ಹೇಳುತ್ತದೆ. ಬೆಟ್ಟದ ತುದಿಯಲ್ಲಿರುವುದು ಕಲಾಮಿಯೊತಿಸ್ಸಾ ಮಾತೆಯ ಸಣ್ಣ ಗುಡಿ. ಕಾಲಾಮೊಸ್ ಎಂದರೆ ಜೊಂಡು. ಜೊಂಡಿನ ಮೇಲೆ ಮಾತೆಯ ಚಿತ್ರಪಟ ಸಿಕ್ಕಿತೆಂಬ ನಂಬಿಕೆ. ಸೆಪ್ಟೆಂಬರ್ 7 ಮತ್ತು 8ರಂದು ಇಲ್ಲಿ ದ್ವೀಪದ ದೊಡ್ಡ ಜಾತ್ರೆ. ಆ ದಿನಗಳಲ್ಲಿ ಹೋಗುವವರು ಕೊಠಡಿಯನ್ನು ಬಹಳ ಮೊದಲೇ ಹಿಡಿಯಬೇಕು, ಆದರೆ ಹೋದರೆ ಜೀವಮಾನದ ನೆನಪು.

ಹತ್ತುವ ಕ್ರಮ ಹೀಗೆ:

ಅ. ಹಿಂದಿನ ಸಂಜೆ ಗಾಳಿಯ ಮುನ್ಸೂಚನೆ ನೋಡಿ. 6 ಬೋಫರ್ಟ್‌ಗಿಂತ ಹೆಚ್ಚೆಂದರೆ ಮುಂದಕ್ಕೆ ಹಾಕಿ. ದಾರಿಯ ಕೆಲವು ಕಡೆ ಒಂದು ಪಕ್ಕ ಪ್ರಪಾತ, ತಡೆಗೋಡೆ ಇಲ್ಲ. ಮಳೆ ಬಿದ್ದ ಮರುದಿನವೂ ಬೇಡ.

ಆ. ಬೆಳಕು ಹರಿಯುವ ಹೊತ್ತಿಗೆ ಮಠದ ಬಳಿ ಇರಿ. ರಸ್ತೆ ಅಲ್ಲಿಗೆ ಮುಗಿಯುತ್ತದೆ. ಬಸ್ಸು ಅಷ್ಟು ಬೇಗ ಇರುವುದಿಲ್ಲವಾದ್ದರಿಂದ ಕೊಠಡಿಯವರ ಮೂಲಕ ವಾಹನ ಮಾತಾಡಿಕೊಳ್ಳಿ.

ಇ. ಒಬ್ಬೊಬ್ಬರಿಗೂ ಕನಿಷ್ಠ ಎರಡು ಲೀಟರ್ ನೀರು. ಕರಾವಳಿಯ ಉದ್ದನೆಯ ದಾರಿಯನ್ನೂ ಸೇರಿಸಿದರೆ ಮೂರು. ದಾರಿಯಲ್ಲಿ ಹನಿ ನೀರಿಲ್ಲ, ಗೇಣು ನೆರಳಿಲ್ಲ. ನಮ್ಮ ಪಶ್ಚಿಮ ಘಟ್ಟದ ಚಾರಣದಲ್ಲಿ ಹಳ್ಳದ ನೀರು ನಂಬಿ ಹೋಗುವ ಅಭ್ಯಾಸ ಇಲ್ಲಿ ಪ್ರಾಣಕ್ಕೆ ಕುತ್ತು ತರುತ್ತದೆ.

ಈ. ಮಠದಿಂದ ಅಂಕುಡೊಂಕಾಗಿ ಏರುವ ದಾರಿ ಸ್ಪಷ್ಟವಾಗಿದೆ. ಹತ್ತಲು ಒಂದರಿಂದ ಒಂದೂವರೆ ಗಂಟೆ, ಇಳಿಯಲು ಒಂದು ಗಂಟೆ. ಸಡಿಲ ಜಲ್ಲಿಗಳಿರುವುದರಿಂದ ಇಳಿಯುವಾಗಲೇ ಹೆಚ್ಚು ಜನ ಜಾರುತ್ತಾರೆ. ಹಿಡಿತವಿರುವ ಬೂಟು ಹಾಕಿಕೊಳ್ಳಿ, ಚಪ್ಪಲಿ ಬೇಡ.

ಉ. ಮಠದೊಳಗೆ ಹೋಗುವಾಗ ಭುಜ, ಮಂಡಿ ಮುಚ್ಚಿರಬೇಕು. ಚೀಲದಲ್ಲಿ ಒಂದು ಶಲ್ಯ ಇದ್ದರೆ ಸಾಕು.

ತುದಿಯಲ್ಲಿ ಗಾಳಿ ನಿಂತ ದಿನ ಕುಳಿತರೆ ಪಶ್ಚಿಮಕ್ಕೆ ಸ್ಯಾಂಟೊರಿನಿಯ ಗೆರೆ ಕಾಣುತ್ತದೆ. ಅಲ್ಲಿ ಒಂದು ಕಟ್ಟೆಯ ಮೇಲೆ ಜಾಗಕ್ಕಾಗಿ ನೂಕಾಡುವ ಜನ. ಇಲ್ಲಿ ನೀವು, ಗುಡಿ ಮತ್ತು ಮೇಕೆಗಳ ಕೊರಳ ಗಂಟೆ. ಬೇಗ ಇಳಿದುಬಿಡಬೇಡಿ.

ಶಕ್ತಿ ಇದ್ದವರು ಇನ್ನೊಂದು ದಿನ ಕ್ಲಿಸೀದಿಯಿಂದ ಕರಾವಳಿಯುದ್ದಕ್ಕೂ ನಡೆದು ಮಠ ತಲುಪಬಹುದು. ಈಜುವ ಹೊತ್ತು ಬಿಟ್ಟು ನಾಲ್ಕು ಗಂಟೆ ಇಟ್ಟುಕೊಳ್ಳಿ. ಹೊರಡುವ ಮೊದಲೇ ಮಠದಿಂದ ಹೊರಡುವ ಕೊನೆಯ ಬಸ್ಸಿನ ಸಮಯ ಕೇಳಿಕೊಳ್ಳಿ; ಅದು ತಪ್ಪಿದರೆ ಬಂದಷ್ಟೇ ದೂರ ಮತ್ತೆ ನಡೆಯಬೇಕು. ರೂಕುನಾಸ್‌ನ ಮೇಲಿನ ಕಾಸ್ತೆಲ್ಲಿ ಗುಡ್ಡದಲ್ಲಿ ಪ್ರಾಚೀನ ನಗರದ ಅವಶೇಷಗಳಿವೆ, ಇತಿಹಾಸದಲ್ಲಿ ಆಸಕ್ತಿ ಇದ್ದವರು ಆ ಕಡೆ ಹೊರಳಬಹುದು. ಮೇಕೆಗಳ ಬೇಲಿಯ ಬಾಗಿಲು ತೆರೆದರೆ ದಾಟಿದ ಮೇಲೆ ಮುಚ್ಚಿ, ಮೊದಲು ಹೇಗೆ ಕಟ್ಟಿತ್ತೋ ಹಾಗೆಯೇ ಕಟ್ಟಿ. ಒಣಹುಲ್ಲಿನ ಬೆಟ್ಟದಲ್ಲಿ ಒಲೆ, ಬೀಡಿ, ಸಿಗರೇಟು ಯಾವುದೂ ಬೇಡ.

ಆಪತ್ತಿನಲ್ಲಿ ಕರೆಯಬೇಕಾದ ಸಂಖ್ಯೆ 112. ಊರಿನಲ್ಲಿ ಸಣ್ಣ ಚಿಕಿತ್ಸಾಲಯವಿದೆ. ದೊಡ್ಡ ತೊಂದರೆಯಾದರೆ ಸ್ಯಾಂಟೊರಿನಿಗೆ ಒಯ್ಯುತ್ತಾರೆ. ದಿನವೂ ನುಂಗುವ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ, ಹಡಗು ತಡವಾದರೂ ಸಾಲುವಷ್ಟು ಒಯ್ಯಿರಿ. 2025ರ ಫೆಬ್ರವರಿಯಲ್ಲಿ ಸ್ಯಾಂಟೊರಿನಿ ಮತ್ತು ಅಮೊರ್ಗೊಸ್ ನಡುವಿನ ಕಡಲಡಿಯಲ್ಲಿ ಸಾಲುಸಾಲಾಗಿ ಭೂಮಿ ಕಂಪಿಸಿತ್ತು. ಅಂತಹ ಎಚ್ಚರಿಕೆಯ ಸಂದೇಶ ಮೊಬೈಲಿಗೆ ಬಂದರೆ ಕಡಿದಾದ ಬಂಡೆಗಳ ಕೆಳಗೆ ನಿಲ್ಲಬೇಡಿ, ಬೆಟ್ಟದ ಯೋಚನೆ ಬಿಡಿ.

8. ಸಸ್ಯಾಹಾರಿಗಳ ಊಟ

ಹೊಟ್ಟೆ ತುಂಬಾ ಊಟ ಸಿಗುತ್ತದೆ, ಕೇಳುವ ಬಗೆ ಗೊತ್ತಿರಬೇಕು ಅಷ್ಟೇ. ಮೊದಲು ಕಲಿಯಬೇಕಾದ ಪದ 'ಲಾದೆರಾ': ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ತರಕಾರಿ ಅಡುಗೆಗಳು. ಬ್ರಿಯಾಮ್ ಎಂದರೆ ಬದನೆ, ಆಲೂಗಡ್ಡೆ, ಟೊಮೆಟೊ ಎಲ್ಲ ಒಟ್ಟಿಗೆ ಒಲೆಯಲ್ಲಿ ಬೆಂದದ್ದು. ಫಾವಾ ಎಂದರೆ ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಕಡೆದು, ಈರುಳ್ಳಿ, ನಿಂಬೆರಸ ಹಾಕಿದ್ದು. ಗಟ್ಟಿ ತೊವ್ವೆಯೆಂದೇ ತಿಳಿಯಿರಿ. ಗಿಗಾಂತೆಸ್ ದಪ್ಪ ಬಿಳಿ ಕಾಳಿನ ಪಲ್ಯ, ರೆವೀಥಿಯಾ ಕಡಲೆಕಾಳಿನದು, ಹೋರ್ತಾ ಬೇಯಿಸಿದ ಕಾಡುಸೊಪ್ಪು. ಬೆಳಗ್ಗೆ ಗಟ್ಟಿ ಮೊಸರಿಗೆ ಅಲ್ಲಿನ ಜೇನುತುಪ್ಪ ಸುರಿದು ತಿನ್ನಿ. ಬೆಟ್ಟದ ಕುರುಚಲು ಗಿಡಗಳ ಘಮವೆಲ್ಲ ಅದರಲ್ಲಿದೆ.

ಎಡವುವ ಜಾಗಗಳು ಮೂರು. "ಮಾಂಸ ತಿನ್ನುವುದಿಲ್ಲ" ಎಂದಷ್ಟೇ ಹೇಳಿದರೆ ಕೋಳಿಯೋ ಮೀನೋ ಬರಬಹುದು. "ಹೋರಿಸ್ ಕ್ರೆಆಸ್, ಹೋರಿಸ್ ಕೊತೋಪುಲೋ, ಹೋರಿಸ್ ಪ್ಸಾರಿ" ಎಂದು ಮೂರನ್ನೂ ಹೇಳಿ: ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ. ಎರಡನೆಯದು, 'ನಿಸ್ತೀಸಿಮೊ' ಎಂಬ ಪದ. ಚರ್ಚಿನ ಉಪವಾಸದ ಅಡುಗೆ ಅದು. ಹಾಲು, ಮೊಟ್ಟೆ, ಮಾಂಸ ಇಲ್ಲದಿದ್ದರೂ ಆಕ್ಟೋಪಸ್, ಸಿಗಡಿ, ಕಪ್ಪೆಚಿಪ್ಪು ಇರಬಹುದು. ನಮ್ಮ ಉಪವಾಸದಂತೆ ಎಂದುಕೊಂಡು ತಟ್ಟೆಗೆ ಕೈ ಹಾಕಬೇಡಿ. ಮೂರನೆಯದು, ಅಕ್ಕಿ ತುಂಬಿದ ಟೊಮೆಟೊ, ದೊಣ್ಣೆ ಮೆಣಸಿನಕಾಯಿಯ ಗೆಮಿಸ್ತಾ ಮತ್ತು ದ್ರಾಕ್ಷಿ ಎಲೆಯಲ್ಲಿ ಸುತ್ತಿದ ದೊಲ್ಮಾದೆಸ್. ಒಂದು ಮನೆಯಲ್ಲಿ ಬರೀ ಅಕ್ಕಿ, ಇನ್ನೊಂದರಲ್ಲಿ ಕೊಚ್ಚಿದ ಮಾಂಸ. ಪ್ರತಿ ಸಲವೂ ಕೇಳಿ.

ಚಟ್ನಿಪುಡಿ, ಅವಲಕ್ಕಿ ಒಯ್ಯಲು ಅಡ್ಡಿಯಿಲ್ಲ. ಆದರೆ ತುಪ್ಪ, ಪೇಡಾ, ಖೋವಾದಂತಹ ಹಾಲಿನ ಪದಾರ್ಥಗಳನ್ನೂ ಹಸಿ ಕರಿಬೇವನ್ನೂ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಅಜ್ಜಿ ಕಟ್ಟಿಕೊಟ್ಟ ತುಪ್ಪದ ಡಬ್ಬಿ ಸುಂಕದವರ ಬುಟ್ಟಿಗೆ ಬೀಳುವುದನ್ನು ನೋಡುವ ಸಂಕಟ ಬೇಡ, ಮನೆಯಲ್ಲೇ ಬಿಟ್ಟು ಹೊರಡಿ.

9. ಹಿಂದಿರುಗುವಾಗ

ಹೊರಡುವ ಹಿಂದಿನ ದಿನ ಬೆಳಗ್ಗೆ ಹೋರಾದ ಟಿಕೆಟ್ ಕಚೇರಿಗೆ ಹೋಗಿ ನಾಳೆಯ ಹಡಗು ಬರುತ್ತದೆಯೇ ಎಂದು ಕೇಳಿ. ಮೊಬೈಲ್ ಸಂದೇಶವನ್ನೊಂದೇ ನಂಬಬೇಡಿ. ಗಾಳಿ ಏಳುವ ಸೂಚನೆ ಇದ್ದು, ಇವತ್ತೇ ಒಂದು ಹಡಗು ಇದ್ದರೆ ಹಿಂದುಮುಂದು ನೋಡದೆ ಇವತ್ತೇ ಹೊರಡಿ.

ಎಲ್ಲ ಸರಿಹೋದರೆ ಅಥೆನ್ಸಿನಲ್ಲಿ ಒಂದು ದಿನ ಉಳಿಯುತ್ತದೆ. ಮೆಟ್ರೊದ ಅಕ್ರೊಪೊಲಿ ನಿಲ್ದಾಣದಲ್ಲಿ ಇಳಿದು ಪ್ಲಾಕಾ ಬಡಾವಣೆಯ ಮೆಟ್ಟಿಲುಗಳನ್ನು ಹತ್ತಿ. ಅಕ್ರೊಪೊಲಿಸ್ ಬೆಟ್ಟದ ಮಗ್ಗುಲಲ್ಲಿ ಅನಾಫಿಯೊತಿಕಾ ಎಂಬ ಪುಟ್ಟ ಕೇರಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ, ಒಥೊ ದೊರೆಯ ಕಾಲದಲ್ಲಿ, ರಾಜಧಾನಿಯ ಕಟ್ಟಡಗಳ ಕೆಲಸಕ್ಕೆಂದು ಅನಾಫಿಯಿಂದ ಬಂದ ಗಾರೆಯವರೂ ಬಡಗಿಗಳೂ ತಮ್ಮ ಊರಿನ ಹಾಗೆಯೇ ಕಟ್ಟಿಕೊಂಡ ಬಿಳಿ ಮನೆಗಳು ಅವು. ನೀವು ಬಿಟ್ಟು ಬಂದ ಹೋರಾದ್ದೇ ಓಣಿ, ಅದೇ ಸುಣ್ಣದ ಗೋಡೆ, ಅದೇ ಅಳತೆಯ ಬಾಗಿಲು. ಈಗಲೂ ಜನ ವಾಸಿಸುತ್ತಿರುವ ಮನೆಗಳಾದ್ದರಿಂದ ಬೆಳಗ್ಗೆ ಬೇಗ, ಗುಂಪು ಕಟ್ಟದೆ, ಮೆಲ್ಲನೆ ನಡೆದುಹೋಗಿ.